ದೀಪ ಆರಿತೋ, ಇಲ್ಲವೋ

ಮಧುಗಿರಿ ತಾಲ್ಲೂಕಿನ ಗಡಿ ಹೋಬಳಿ ಐ.ಡಿ.ಹಳ್ಳಿ. ಇಲ್ಲಿನ ರೈತರಿಗೆ ವೋಲ್ಟೇಜಿನ ಪಾಠ ಹೇಳಿಕೊಟ್ಟಿದ್ದು ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ. ಅದರ ಮೇಲಿನ ಮುಳ್ಳು ಎಲ್ಲಿ ನಿಂತರೆ ಮೋಟಾರು ಉಳಿಯುತ್ತದೆ, ಎಲ್ಲಿ ನಿಂತರೆ ಸುಡುತ್ತದೆ ಎಂಬುದು ಶಾಲೆಗೆ ಹೋಗದವರಿಗೂ ಗೊತ್ತು. ಅಡುಗೆಮನೆಗೆ ಬಂದಿರುವ ಓವನ್ನಿನ ವಿಚಾರದಲ್ಲಿ ಮಾತ್ರ ಆ ಪಾಠ ಯಾರಿಗೂ ನೆನಪಾಗುವುದಿಲ್ಲ. ಮುಂದೆ ಮಾತಾಡುವ ಇಬ್ಬರಲ್ಲಿ ಒಬ್ಬರು ಮೋಟಾರು ವೈಂಡಿಂಗ್ ಮಾಡುತ್ತಲೇ ವಯಸ್ಸಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ ಮನೆಯಲ್ಲೇ ಕೇಕು ಮಾಡಿಕೊಡುತ್ತಾಳೆ. ಇಂಥವರು ಈಗ ಎಲ್ಲ ಊರಲ್ಲೂ ಇರುವುದರಿಂದ ಹೆಸರಿನ ಅಗತ್ಯ ಕಾಣಲಿಲ್ಲ.

ಮಗಳು: ದೊಡ್ಡಪ್ಪಾ, ನನ್ನ ಓವನ್ನಿನ ಥರ್ಮೋಸ್ಟಾಟ್ ಹೋಗಿದೆ. ಹೊಸದು ತರಿಸ್ತೀನಿ, ನೀವು ಬಿಚ್ಚಿ ಹಾಕಿಕೊಡಬೇಕು.

ದೊಡ್ಡಪ್ಪ: ಅದೇ ಹೋಗೈತೆ ಅಂತ ಯಾರವ್ವ ಹೇಳಿದ್ದು?

ಮಗಳು: ಕೇಕೇ ಹೇಳ್ತಾ ಇದೆಯಲ್ಲ! 180 ಡಿಗ್ರಿಗೆ ಇಟ್ಟರೆ ನಲವತ್ತು ನಿಮಿಷಕ್ಕೆ ಆಗಬೇಕು. ಗಂಟೆ ಕಳೆದರೂ ನಡುವೆ ಹಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಿಕೊಂಡು ಬರುತ್ತೆ, ಮೇಲೆ ಬಣ್ಣವೂ ಬರಲ್ಲ.

ದೊಡ್ಡಪ್ಪ: ಕಾವು ಸಾಲಲಿಲ್ಲ, ಅಷ್ಟು ಹೇಳೈತೆ ಕೇಕು. ಯಾಕೆ ಸಾಲಲಿಲ್ಲ ಅನ್ನೋದು ಅದಕ್ಕೇನು ಗೊತ್ತು? ಮೋಟ್ರು ನೀರು ಎತ್ತುತಿಲ್ಲ, ಕಾಯಿಲ್ ಸುಟ್ಟೈತೆ ಅಂತ ಎಷ್ಟು ಜನ ನನ್ನ ಅಂಗಡಿ ಮುಂದೆ ಇಳಿಸೋರು. ಬಿಚ್ಚಿ ನೋಡಿದ್ರೆ ಕಾಯಿಲ್ ಸರಿಯಾಗೇ ಇರೋದು, ಬಾವಿಲಿ ನೀರೇ ಕೆಳಕ್ಕೆ ಹೋಗಿರೋದು. ಒಂದು ಮಾತು ಹೇಳು. ಓವನ್ ಮೇಲೆ ಸಣ್ಣ ಕೆಂಪು ದೀಪ ಐತಲ್ಲ, ಅದು ಆರುತ್ತೋ ಇಲ್ವೋ?

ಮಗಳು: ಯಾವ ದೀಪ? ಆನ್ ಆಗಿದೆ ಅಂತ ತೋರಿಸೋದಾ?

ದೊಡ್ಡಪ್ಪ: ಆನ್ ಆಗಿರೋದನ್ನಲ್ಲ ಕಣವ್ವ, ರಾಡಿಗೆ ಕರೆಂಟು ಹೋಗ್ತಿರೋದನ್ನ ತೋರ್ಸುತ್ತೆ. ಹೇಳಿದಷ್ಟು ಕಾವು ಬಂದ್ರೆ ಒಳಗೆ ಟಿಕ್ ಅಂತ ಬಿಟ್ಕಂತದೆ, ದೀಪ ಆರುತ್ತೆ. ಕಾವು ಇಳಿದ್ರೆ ಮತ್ತೆ ಟಿಕ್ ಅಂತ ಹತ್ತುತ್ತೆ. ಕೆಲವು ಮಾಡಲ್ಲಿಗೆ ಆ ದೀಪ ಬರೀ ಟೈಮರಿಗೆ ಕೊಟ್ಟಿರ್ತಾರೆ, ಅದು ಬೇರೆ ಮಾತು. ನಾಬನ್ನ ಹಿಂದಕ್ಕೆ ತಿರುಗಿಸಿ ನೋಡು. ದೀಪ ಆರಿದ್ರೆ ಅದು ಥರ್ಮೋಸ್ಟಾಟಿಂದೇ.

ಮಗಳು: ಆರಿದರೆ ಏನು, ಆರದಿದ್ದರೆ ಏನು?

ದೊಡ್ಡಪ್ಪ: ಅದರಲ್ಲೇ ಎಲ್ಲ ಐತೆ. ಒಳಗೆ ಕಾವಿಲ್ಲ, ಆದರೂ ದೀಪ ಆರ್ತು ಅಂದ್ರೆ ಥರ್ಮೋಸ್ಟಾಟ್ ಬೇಗ ಬಿಟ್ಕಂತೈತೆ. ಅವಾಗ ನೀನು ಹೇಳಿದ್ದೇ ನಿಜ. ಒಳಗೆ ಕಾವಿಲ್ಲ, ದೀಪವೂ ಆರಲೇ ಇಲ್ಲ ಅಂದ್ರೆ ಪಾಪ ಥರ್ಮೋಸ್ಟಾಟ್ ಕಾಯ್ತಾನೇ ಐತೆ, ಕಾವೇ ಬಂದಿಲ್ಲ. ಒಂದು ರಾಡು ಸತ್ತಿರಬೇಕು, ಇಲ್ಲ ಕರೆಂಟು ಸೊರಗಿರಬೇಕು. ಇನ್ನು ದೀಪ ಆರಲಿಲ್ಲ, ಕೇಕು ಕರಿಕಲಾಯ್ತು ಅಂದ್ರೆ ಕಾಂಟ್ಯಾಕ್ಟ್ ಅಂಟ್ಕಂಡೈತೆ. ಪ್ಲಗ್ ಕಿತ್ತು ಪಕ್ಕಕ್ಕಿಡು.

ಮಗಳು: ಇದನ್ನ ಯಾವ ವಿಡಿಯೋದಲ್ಲೂ ಹೇಳಲ್ಲ. ಮಲ್ಟಿಮೀಟರ್ ಹಿಡಿ, ಓಮ್ಸ್ ನೋಡು ಅಂತಾರೆ. ಅಣ್ಣನ ಮೀಟರ್ ಇತ್ತು, ನೋಡಿದೆ. ನಂದು 1500 ವಾಟಿನದು. ಮೇಲಿನ ರಾಡು ಎಪ್ಪತ್ತರ ಹತ್ತಿರ ತೋರಿಸ್ತು, ಕೆಳಗಿನದೂ ಅಷ್ಟೇ. ಎರಡೂ ಬದುಕಿವೆ.

ದೊಡ್ಡಪ್ಪ: ಪ್ಲಗ್ ಕಿತ್ತಿದ್ದೆ ತಾನೆ?

ಮಗಳು: ಕಿತ್ತು, ತಣ್ಣಗಾದ ಮೇಲೇ ನೋಡಿದ್ದು. ನಿಮ್ಮ ಸೀರೀಸ್ ಲ್ಯಾಂಪಲ್ಲಿ ನೋಡಿದ್ದರೆ ಬಲ್ಬ್ ಹತ್ತಿತು, ರಾಡು ಸರಿ ಅಂತಿದ್ರಿ. ಎಪ್ಪತ್ತಿದೆಯೋ ನೂರಿದೆಯೋ ಅದು ಹೇಳ್ತಿತ್ತಾ?

ದೊಡ್ಡಪ್ಪ: ಹೇಳ್ತಿರಲಿಲ್ಲ. ಆದ್ರೆ ಮೂವತ್ತು ವರ್ಷ ಅದರಲ್ಲೇ ಸಂಸಾರ ನಡೀತು. ಬಿಡು, ರಾಡು ಸರಿ ಐತೆ. ಹಂಗಾದ್ರೆ ಕರೆಂಟು ನೋಡಿದ್ಯಾ? ಕೇಕು ಮಾಡೋದು ಎಷ್ಟೊತ್ತಿಗೆ?

ಮಗಳು: ಸಂಜೆ. ಹಗಲೆಲ್ಲ ಮನೆ ಕೆಲಸ ಇರುತ್ತೆ. ಕರೆಂಟು ಇರುತ್ತೆ ದೊಡ್ಡಪ್ಪ, ದೀಪ ಚೆನ್ನಾಗೇ ಉರಿಯುತ್ತೆ.

ದೊಡ್ಡಪ್ಪ: ಇದೇ ನೋಡು ತೊಂದರೆ! ಮುಂಚೆ ಬುರುಡೆ ಬಲ್ಬು ಇದ್ದಾಗ ವೋಲ್ಟೇಜ್ ಇಳಿದ್ರೆ ಮನೆಯೆಲ್ಲ ಹಳದಿಯಾಗೋದು, ಮುದುಕರೂ ಲೋ ವೋಲ್ಟೇಜ್ ಅಂತ ಬೈಯೋರು. ಈಗಿನ ಎಲ್‌ಇಡಿಗೆ ನೂರೈವತ್ತು ಕೊಟ್ರೂ ಅಷ್ಟೇ, ಇನ್ನೂರಮೂವತ್ತು ಕೊಟ್ರೂ ಅಷ್ಟೇ. ಮೊಬೈಲ್ ಚಾರ್ಜರೂ ಹಂಗೇ. ಕರೆಂಟಿಗೆ ಜ್ವರ ಬಂದ್ರೆ ಮನೇಲಿ ಹೇಳೋರೇ ಇಲ್ಲ ಈಗ.

ಹಿರಿಯರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸಬೇಕು. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ. ವೋಲ್ಟೇಜು ಐದರಲ್ಲಿ ಒಂದು ಪಾಲು ಇಳಿದರೆ ಬೆಳಕು ಅರ್ಧಕ್ಕೂ ಕಡಿಮೆಯಾಗುತ್ತದೆ. ಅಂದರೆ ಪ್ರತಿ ಮನೆಯಲ್ಲೂ ಪುಕ್ಕಟೆ ವೋಲ್ಟ್‌ಮೀಟರು ತೂಗಾಡುತ್ತಿತ್ತು. ಕರೆಂಟು ಉಳಿಸಲು ಅದನ್ನು ತೆಗೆದೆವು. ಸರಿಯಾಗಿಯೇ ತೆಗೆದೆವು, ಆದರೆ ಅದು ಮಾಡುತ್ತಿದ್ದ ಇನ್ನೊಂದು ಕೆಲಸ ಯಾರ ಲೆಕ್ಕಕ್ಕೂ ಬರಲಿಲ್ಲ.

ಮಗಳು: ವೋಲ್ಟೇಜ್ ಇಳಿದರೆ ಕಾವೂ ಅಷ್ಟೇ ಇಳಿಯುತ್ತೆ. ಸ್ವಲ್ಪ ತಡ ಆಗುತ್ತೆ, ಅಷ್ಟೇ ತಾನೆ?

ದೊಡ್ಡಪ್ಪ: ಅಷ್ಟೇ ಅಲ್ಲ. ರಾಡಿನ ಲೆಕ್ಕ ವರ್ಗದ್ದು. 230 ಇರೋದು 184ಕ್ಕೆ ಇಳೀತು ಅಂದ್ಕೋ. ವೋಲ್ಟೇಜಲ್ಲಿ ಹೋಗಿದ್ದು ಐದನೇ ಒಂದು ಭಾಗ. ಕಾವಲ್ಲಿ ಹೋಗೋದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ನಿನ್ನ 1500 ವಾಟು 960 ಆಗೋಗ್ತದೆ. ಓವನ್ ತಗಡಿನ ಡಬ್ಬಿ, ಗಾಜಿನ ಬಾಗಿಲು. ಒಳಗಿನ ಕಾವು ಹೊರಗೆ ಸೋರ್ತಾನೇ ಇರ್ತದೆ. ಸೋರೋದೂ ರಾಡು ಕೊಡೋದೂ ಸಮ ಆದ ಕಡೆ ಮುಳ್ಳು ನಿಂತೋಗುತ್ತೆ. ಆಮೇಲೆ ಎಷ್ಟೊತ್ತು ಕಾದ್ರೂ ಮೇಲೆ ಹೋಗಲ್ಲ. ಮೋಟ್ರು ಆದ್ರೆ ವೋಲ್ಟೇಜ್ ಇಳಿದಾಗ ಆಂಪ್ಸ್ ಜಾಸ್ತಿ ಎಳೀತದೆ, ಗೊರ್ ಅಂತದೆ, ಬಿಸಿಯಾಗಿ ಸುಟ್ಟು ವಾಸನೆ ಕೊಡ್ತದೆ. ರಾಡು ಪಾಪದ್ದು, ಏನೂ ಹೇಳದೆ ತಣ್ಣಗಾಗ್ತದೆ.

ಮಗಳು: ಪಕ್ಕದ ಪಾವಗಡದಲ್ಲಿ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇಟ್ಕೊಂಡು ನಾವು 960 ವಾಟಿನ ಲೆಕ್ಕ ಹಾಕ್ತಾ ಕೂತಿದ್ದೀವಿ, ನೋಡಿ.

ದೊಡ್ಡಪ್ಪ: ಅದಕ್ಕೂ ಇದಕ್ಕೂ ಸಂಬಂಧ ಇಲ್ಲವ್ವ. ಅದು ದೊಡ್ಡ ಲೈನಿಗೆ ಹೋಗೋ ಕರೆಂಟು, ಅದೂ ಹಗಲು ಹೊತ್ತಿಂದು. ನೀನು ಒಲೆ ಹಚ್ಚೋ ಹೊತ್ತಿಗೆ ಸೂರ್ಯ ಮನೆಗೋಗಿರ್ತಾನೆ. ನಮ್ಮಲ್ಲಿ ವೋಲ್ಟೇಜ್ ಬೀಳೋದು ಊರ ಟಿ.ಸಿ., ಅಂದ್ರೆ ಟ್ರಾನ್ಸ್‌ಫಾರ್ಮರಿಂದ ಮನೆ ತನಕ ಬರೋ ದಾರೀಲಿ. ಟಿ.ಸಿ. ಒಂದೇ, ಮನೆಗಳು ಬೆಳೀತಾನೇ ಐದಾವೆ. ಸಾಲದ್ದಕ್ಕೆ ತ್ರೀಫೇಸ್ ಹೋದ ಮೇಲೆ ಕಂಡೆನ್ಸರ್ ಕಟ್ಟಿ ಸಿಂಗಲ್ ಫೇಸಲ್ಲೇ ಮೋಟ್ರು ಓಡಿಸೋರು ಬೇರೆ. ಲೈನಿನ ಕೊನೆ ಮನೆಯೋರಿಗೆ ಉಳಿದಷ್ಟು.

ಮಗಳು: ಸರಿ, ಒಪ್ಪಿದೆ. ಆದರೆ ಊಹೆ ಬೇಡ, ಅಳೆಯೋಣ.

ಅವಳು ಅಳೆದಳು. ಸಂಜೆ ಏಳಕ್ಕೆ ಪ್ಲಗ್ಗಿನಲ್ಲಿ 193 ವೋಲ್ಟು, ಓವನ್ ಹಚ್ಚಿದ ಕೂಡಲೇ 184. ಬೆಳಗಿನ ಜಾವ ಐದಕ್ಕೆ 226. ಇದರ ಜೊತೆಗೆ ಓವನ್ನಿನೊಳಗೆ ಇಡುವ ಮುಳ್ಳಿನ ಥರ್ಮಾಮೀಟರ್ ಒಂದನ್ನು ತರಿಸಿದ್ದಳು. ಮಾತು ಮುಂದುವರಿದಿದ್ದು ಆ ಅಂಕಿಗಳನ್ನು ಮುಂದಿಟ್ಟುಕೊಂಡು.

ದೊಡ್ಡಪ್ಪ: ನೋಡಿದ್ಯಾ, 184! ನನ್ನ ಬಾಯಿಗೆ ಬಂದ ಅಂಕಿನೇ ಬಂತು. ಆದ್ರೆ 193 ಇದ್ದಿದ್ದು ಓವನ್ ಹಚ್ಚಿದ್ರೆ ಒಂಬತ್ತು ಇಳಿದಿದ್ದು ಯಾಕೆ? ಯಾವ ಪ್ಲಗ್ಗಿಗೆ ಹಾಕಿದೀಯಾ?

ಮಗಳು: ಮಿಕ್ಸಿದಕ್ಕೇ. ಓವನ್ನಿನ ಪಿನ್ ದಪ್ಪ, ಅದಕ್ಕೆ ಕನ್ವರ್ಷನ್ ಪ್ಲಗ್ ಹಾಕಿದೀನಿ.

ದೊಡ್ಡಪ್ಪ: ಅಯ್ಯೋ ದೇವರೇ! ಪೂರ್ತಿ ವೋಲ್ಟೇಜಿದ್ರೆ ಅದು ಆರೂವರೆ ಆಂಪ್ಸ್ ಎಳೀತದೆ. ಮಿಕ್ಸಿ ಪ್ಲಗ್ ಆರು ಆಂಪ್ಸಿಂದು. ಪಿನ್ ದಪ್ಪ ಮಾಡಿರೋದೇ ಆರಕ್ಕೆ ಹಾಕಬೇಡ್ರಿ ಅಂತ. ಪ್ಲಗ್ ಮುಟ್ಟಿ ನೋಡಿದೀಯಾ?

ಮಗಳು: ಬೆಚ್ಚಗಿರುತ್ತೆ.

ದೊಡ್ಡಪ್ಪ: ಆ ಒಂಬತ್ತು ವೋಲ್ಟು ದಾರೀಲಿ ಕಾವಾಗಿ ಹೋಗ್ತೈತೆ, ಹತ್ತಿರ ಹತ್ತಿರ ಐವತ್ತು ವಾಟು. ಕಂಬದಿಂದ ಬರೋ ತಂತೀಲಿ ಸ್ವಲ್ಪ, ನಿನ್ನ ಸಡಿಲ ಪ್ಲಗ್ಗಲ್ಲಿ ಸ್ವಲ್ಪ. ತಂತೀದು ಗಾಳಿಗೆ ಹೋಗ್ತದೆ, ಪ್ಲಗ್ಗಿಂದು ಗೋಡೆಗೆ ಹತ್ತುತ್ತೆ. ಥರ್ಮೋಸ್ಟಾಟ್ ಕತೆ ಆಮೇಲೆ, ಮೊದಲು 16 ಆಂಪ್ಸಿನ ಪಾಯಿಂಟು, ಸರಿಯಾದ ತಂತಿ, ಅರ್ತಿಂಗ್.

ಮಗಳು: ಹಾಕಿಸ್ತೀನಿ. ಆದರೆ ನನ್ನ ಮಾತಿಗೂ ಬನ್ನಿ. ಸಂಜೆ ದೀಪ ಆರಲೇ ಇಲ್ಲ, ಅದು ನಿಮ್ಮ ಕಡೆ. ಬೆಳಗಿನ ಜಾವ 226 ಇದ್ದಾಗ ದೀಪ ಆರ್ತಿತ್ತು, ಹತ್ತುತಿತ್ತು. ನಾಬ್ 180ರಲ್ಲಿದೆ, ಥರ್ಮಾಮೀಟರ್ 145ರಿಂದ 170ರ ನಡುವೆ ಓಡಾಡ್ತಿದೆ. ಇದು ಯಾರ ಕಡೆ?

ದೊಡ್ಡಪ್ಪ: ಎಲ್ಲಿಟ್ಟಿದ್ದೆ ಥರ್ಮಾಮೀಟರನ್ನ? ಬಾಗಿಲು ತೆಗೆದು ನೋಡಿದ್ಯಾ?

ಮಗಳು: ನಡುವಿನ ತಟ್ಟೆಯ ಮಧ್ಯದಲ್ಲಿ. ಬಾಗಿಲು ತೆಗೆದರೆ ಕಾವು ಬೀಳುತ್ತೆ ಅಂತ ಗಾಜಿನಿಂದಲೇ ನೋಡಿದ್ದು. ಮೊದಲ ಅರ್ಧ ಗಂಟೆಯ ಅಂಕಿ ಬಿಟ್ಟೆ. ಆಮೇಲೆ ದೀಪ ಆರಿದಾಗ ಒಂದು, ಹತ್ತಿದಾಗ ಒಂದು ಬರ್ಕೊಂಡೆ. ಸರಾಸರಿ 158 ಆಗುತ್ತೆ.

ದೊಡ್ಡಪ್ಪ: ಆ ಥರ್ಮಾಮೀಟರೇ ಸುಳ್ಳು ಹೇಳ್ತಿದ್ರೆ?

ಮಗಳು: ಕೇಳ್ತೀರಿ ಅಂತ ಗೊತ್ತಿತ್ತು. ಇಡ್ಲಿ ಪಾತ್ರೆಯ ಆವಿಯಲ್ಲಿ ಇಟ್ಟು ನೋಡಿದೆ. 98ರ ಹತ್ತಿರ ನಿಂತ್ಕೊಳ್ತು.

ದೊಡ್ಡಪ್ಪ: ನೂರು ಬರಬೇಕಲ್ಲವ್ವ? ಎರಡು ಡಿಗ್ರಿ ಕಡಿಮೆ ತೋರ್ಸುತ್ತೆ ಹಂಗಾದ್ರೆ.

ಮಗಳು: ನಮ್ಮೂರು ಸಮುದ್ರದ ಪಕ್ಕ ಇದೆಯಾ ದೊಡ್ಡಪ್ಪ? ಮುನ್ನೂರು ಮೀಟರ್ ಮೇಲೆ ಹೋದರೆ ನೀರು ಸುಮಾರು ಒಂದು ಡಿಗ್ರಿ ಮುಂಚೆನೇ ಕುದಿಯುತ್ತೆ. ಈ ಬಯಲುಸೀಮೆಯ ಎತ್ತರಕ್ಕೆ 98 ಅಂದರೆ ಸರಿಯಾಗೇ ಇದೆ.

ದೊಡ್ಡಪ್ಪ: ಇದು ನಂಗೊತ್ತಿರಲಿಲ್ಲ.

ಮಗಳು: ಥರ್ಮಾಮೀಟರ್ ಬರೋಕೆ ಮುಂಚೆ ಸಕ್ಕರೆಯಲ್ಲೂ ನೋಡಿದ್ದೆ. ಸಕ್ಕರೆ 186ರ ಸುಮಾರಿಗೆ ಕರಗುತ್ತೆ. ಫಾಯಿಲ್ ಮೇಲೆ ಒಂದು ಚಮಚ ಹಾಕಿ ನಾಬನ್ನ 200ಕ್ಕಿಟ್ಟರೆ ಕಾಲು ಗಂಟೆಯಲ್ಲಿ ಕರಗಬೇಕಿತ್ತು. ಹರಳು ಹರಳಾಗೇ ಇತ್ತು.

ದೊಡ್ಡಪ್ಪ: ಸಂಜೆ ನೋಡಿದ್ದೋ, ಬೆಳಗ್ಗೆಯೋ?

ಮಗಳು: ಸಂಜೆ.

ದೊಡ್ಡಪ್ಪ: ಹಂಗಾದ್ರೆ ಆ ಸಕ್ಕರೆ ನನ್ನ ಕಡೆ ಸಾಕ್ಷಿ. ಕಾಫಿಗೆ ಹಾಕ್ಬಿಡು.

ನಕ್ಕರೂ ಹಿರಿಯರು ಬೆಳಗಿನ ಅಂಕಿಯನ್ನು ತಳ್ಳಿಹಾಕಲಾರರು. ಒಂದೇ ಡಬ್ಬಿಯಲ್ಲಿ ಎರಡು ರೋಗವಿತ್ತು. ಸಂಜೆಯದು ಲೈನಿನದು, ಬೆಳಗಿನದು ಥರ್ಮೋಸ್ಟಾಟಿನದು. ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು. ಸಂಜೆ ಮಾತ್ರ ನೋಡಿದವರಿಗೆ ದೊಡ್ಡಪ್ಪ ಹೇಳಿದ್ದು ಪೂರ್ತಿ ಸರಿ, ಮುಂಜಾನೆ ಮಾತ್ರ ನೋಡಿದವರಿಗೆ ಮಗಳು ಹೇಳಿದ್ದು. ರಿಪೇರಿಯವರು ಸಾಮಾನ್ಯವಾಗಿ ಮೊದಲು ಸಿಕ್ಕ ಕಾರಣಕ್ಕೇ ನಿಂತುಬಿಡುತ್ತಾರೆ. ಗಿರಾಕಿಯೂ ಅಷ್ಟಕ್ಕೇ ದುಡ್ಡು ಕೊಡುತ್ತಾನೆ.

ದೊಡ್ಡಪ್ಪ: ನಾಬ್ ಕಿತ್ತು ನೋಡಿದ್ಯಾ? ಪ್ಲಾಸ್ಟಿಕ್ಕು ಒಳಗೆ ಸೀಳಿ, ಕಡ್ಡಿ ಮೇಲೆ ಜಾರಿ ಕೂತಿದ್ರೆ ಬಾಣ 180 ಅಂತದೆ, ಒಳಗೆ 160 ಇರ್ತದೆ.

ಮಗಳು: ಸೀಳಿಲ್ಲ. ಕೊನೆವರೆಗೂ ತಿರುಗಿಸಿದರೆ ಬಾಣ 250ರ ಗೆರೆಗೆ ಸರಿಯಾಗಿ ಬರುತ್ತೆ.

ದೊಡ್ಡಪ್ಪ: ಹಂಗಾದ್ರೆ ಥರ್ಮೋಸ್ಟಾಟ್ ಒಳಗಿನ ಪಟ್ಟಿದೇ ತಪ್ಪು. ಇಸ್ತ್ರಿಪೆಟ್ಟಿಗೇಲೂ ಅದೇ ಇರ್ತದೆ. ಎರಡು ಲೋಹ ಬೆಸೆದ ಪಟ್ಟಿ. ಒಂದು ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಹಿಗ್ಗಲ್ಲ ಅಂತದೆ, ಪಟ್ಟಿ ಬಾಗಿ ಕಾಂಟ್ಯಾಕ್ಟ್ ಬಿಡಿಸ್ತದೆ. ನಾಬ್ ತಿರುಗಿಸೋದು ಅಂದ್ರೆ ಆ ಸಂದು ಹೆಚ್ಚುಕಮ್ಮಿ ಮಾಡೋದು.

ಹಿಗ್ಗಲೊಲ್ಲದ ಆ ಲೋಹಕ್ಕೂ ಒಂದು ಚರಿತ್ರೆಯಿದೆ. ಕಬ್ಬಿಣಕ್ಕೆ ನೂರಕ್ಕೆ ಮೂವತ್ತಾರರಷ್ಟು ನಿಕ್ಕಲ್ ಬೆರೆಸಿದರೆ ಕಾವಿಗೆ ಅದು ಹೆಚ್ಚುಕಡಿಮೆ ಅಲುಗುವುದೇ ಇಲ್ಲವೆಂದು ಷಾರ್ಲ್ ಎದುವಾರ್ ಗಿಯೋಮ್ ಎಂಬ ವಿಜ್ಞಾನಿ 1896ರಲ್ಲಿ ಕಂಡುಕೊಂಡ. ಇನ್ವಾರ್ ಎಂಬ ಆ ಮಿಶ್ರಲೋಹ ಅವನಿಗೆ 1920ರ ಭೌತವಿಜ್ಞಾನದ ನೊಬೆಲ್ ಬರುವುದಕ್ಕೆ ಮುಖ್ಯ ಕಾರಣವಾಯಿತು. ಥರ್ಮೋಸ್ಟಾಟಿನ ಪಟ್ಟಿಯಲ್ಲಿ ಒಂದು ಮಗ್ಗುಲಿಗೆ ಬಳಸುವುದು ಇಂಥ ಲೋಹವನ್ನೇ.

ಮಗಳು: ಆ ಪಟ್ಟಿ ಈಗ ಬೇಗ ಬಿಟ್ಕೊಳ್ತಿದೆ. ಅದಕ್ಕೇ ಹೊಸದು ಹಾಕಿ ಅಂದಿದ್ದು.

ದೊಡ್ಡಪ್ಪ: ಹೊಸದಕ್ಕೆ ಯಾಕೆ ದುಡ್ಡು? ಇಪ್ಪತ್ತೆರಡು ಡಿಗ್ರಿ ಕಡಿಮೆ ಅಂತ ಗೊತ್ತಾಯ್ತಲ್ಲ. 180 ಬೇಕಾದ್ರೆ 200 ದಾಟಿಸಿ ಇಡು. ಸ್ಕೆಚ್ ಪೆನ್ನಲ್ಲಿ ಗುರುತು ಹಾಕ್ಕೋ. ಹೊಸದೂ ಏನು ಸತ್ಯಹರಿಶ್ಚಂದ್ರ ಅಲ್ಲ. ಟಿಕ್ ಅಂತ ಬಿಟ್ಟು ಟಿಕ್ ಅಂತ ಹತ್ತೋ ಯಾವ ಓವನ್ನೂ 180 ಅಂದ್ರೆ 180ರಲ್ಲಿ ನಿಲ್ಲಲ್ಲ, ಹತ್ತು ಹದಿನೈದು ಆಕಡೆ ಈಕಡೆ ಆಡ್ತಾನೇ ಇರ್ತದೆ.

ಮಗಳು: ಆಡೋದು ಬೇರೆ, ಜಾರೋದು ಬೇರೆ. ಹೋದ ವರ್ಷ ಇದೇ ಓವನ್ನಲ್ಲಿ ಇದೇ 180ಕ್ಕೆ ಚೆನ್ನಾಗಿ ಬರ್ತಿತ್ತು. ಅಂದರೆ ಅದು ಜಾರ್ತಾ ಬಂದಿದೆ. ಇವತ್ತು ಇಪ್ಪತ್ತೆರಡು, ಗುರುತು ಹಾಕಿದೆ ಅಂದ್ಕೊಳ್ಳಿ. ಮುಂದಿನ ತಿಂಗಳು ನಲವತ್ತಾದರೆ? ಕಾಂಟ್ಯಾಕ್ಟ್ ಅಂಟ್ಕೊಂಡು ಬಿಡಲೇ ಇಲ್ಲ ಅಂದರೆ? ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಲ್ಲದ್ದಕ್ಕೆ ಗುರುತು ಹಾಕಿ ಏನು ಬಂತು?

ದೊಡ್ಡಪ್ಪ: ಉಪ್ಪುಕಾಗದದಲ್ಲಿ ಕಾಂಟ್ಯಾಕ್ಟ್ ಉಜ್ಜಿ ಕೊಡ್ತೀನಿ.

ಮಗಳು: ಉಜ್ಜಿದರೆ ಮೇಲಿನ ಬೆಳ್ಳಿ ಲೇಪ ಹೋಗುತ್ತೆ. ಆಮೇಲೆ ಇನ್ನೂ ಬೇಗ ಸುಡುತ್ತೆ.

ದೊಡ್ಡಪ್ಪ: ಹಂಗಾದ್ರೆ ಡೈರೆಕ್ಟ್ ಕೊಟ್ಬಿಡ್ತೀನಿ, ನೀನೇ ಥರ್ಮಾಮೀಟರ್ ನೋಡ್ಕೊಂಡು ಆನ್ ಆಫ್ ಮಾಡ್ಕೋ.

ಮಗಳು: ಬೇಡವೇ ಬೇಡ. ಒಂದು ಫೋನ್ ಬಂದು ನಾನು ಹೊರಗೆ ಹೋದರೆ ಮುಗೀತು. ಹೊಲದಲ್ಲಿ ಸ್ಟಾರ್ಟರನ್ನ ಡೈರೆಕ್ಟ್ ಮಾಡಿದ ಹಾಗಲ್ಲ ಇದು, ಅಡುಗೆಮನೆ. ಪಕ್ಕದಲ್ಲೇ ಸಿಲಿಂಡರ್ ಇದೆ.

ದೊಡ್ಡಪ್ಪ: ಆಯ್ತು, ಆ ಮಾತು ವಾಪಸ್ ತಗಂಡೆ. ಆದ್ರೂ ಒಂದು ಕೇಳ್ತೀನಿ. ಅಯ್ಯಂಗಾರ್ ಬೇಕರಿಯೋರು 1898ರಲ್ಲೇ ಬೆಂಗಳೂರಿನ ಚಿಕ್ಕಪೇಟೇಲಿ ಶುರು ಮಾಡಿದ್ರು. ಸೌದೆ ಒಲೆ, ಇಟ್ಟಿಗೆ ಗೂಡು. ಡಿಗ್ರಿ ಯಾರು ನೋಡ್ತಿದ್ರು? ಒಂದು ಚಿಟಿಕೆ ಹಿಟ್ಟು ಎರಚಿ, ಅದು ಎಷ್ಟು ಬೇಗ ಕೆಂಪಗಾಗ್ತದೆ ಅಂತ ನೋಡಿದ್ರೆ ಗೂಡಿನ ಕಾವು ತಿಳೀತದೆ. ಜೋರು ಕಾವಲ್ಲಿ ಬ್ರೆಡ್ಡು, ಇಳಿಗಾವಲ್ಲಿ ರಸ್ಕು. ಕಾವು ಹೋದ ಕಡೆ ಕೆಲಸ ಹೋಗ್ತದೆ. ನೀವೆಲ್ಲ ಕೆಲಸ ಹೇಳಿದ ಕಡೆ ಕಾವು ಬರಲಿ ಅಂತೀರಿ.

ಮಗಳು: ಅವರು ದಿನಕ್ಕೆ ನೂರಾರು ಬನ್ನು ತೆಗೀತಾರೆ ದೊಡ್ಡಪ್ಪ. ಹತ್ತು ಕೆಟ್ಟರೆ ಕೈ ಪಾಠ ಕಲಿಯುತ್ತೆ. ನಾನು ಮಾಡೋದು ವಾರಕ್ಕೆ ಮೂರೋ ನಾಲ್ಕೋ ಕೇಕು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು ಬರೆದಿರುತ್ತೆ. ಕೈ ಕಲಿಯೋವರೆಗೂ ಕಾಯೋಕೆ ನನಗೆ ಬಂಡವಾಳ ಇಲ್ಲ. ಅವರ ಇಟ್ಟಿಗೆ ಗೂಡು ಗಂಟೆಗಟ್ಟಲೆ ಕಾವು ಹಿಡಿದಿಟ್ಕೊಳ್ಳುತ್ತೆ, ನನ್ನ ತಗಡು ಐದು ನಿಮಿಷಕ್ಕೆ ಬಿಟ್ಟುಬಿಡುತ್ತೆ.

ದೊಡ್ಡಪ್ಪ: ಆ ಕೊನೇ ಮಾತು ಸರಿ. ಸಂಜೆ ಕರೆಂಟಿಗೆ ಏನು ಮಾಡ್ತೀಯಾ?

ಮಗಳು: ಸ್ಟೆಬಿಲೈಸರ್ ತರ್ತೀನಿ.

ದೊಡ್ಡಪ್ಪ: ಅದು ವೋಲ್ಟೇಜನ್ನ ಹುಟ್ಟಿಸಲ್ಲವ್ವ, ಲೈನಿಂದ ಇನ್ನೂ ಜಾಸ್ತಿ ಆಂಪ್ಸ್ ಎಳೆದು ಏರಿಸ್ತದೆ. ಈಗ ಐದು ಎಳೀತಿದೀಯಾ, ಅವಾಗ ಎಂಟು ದಾಟುತ್ತೆ. ನಿನ್ನ ಕೇಕು ಉಬ್ಬುತ್ತೆ, ಪಕ್ಕದ ಮನೆ ಫ್ಯಾನು ಇನ್ನೂ ನಿಧಾನ ಆಗ್ತದೆ. ಅವರೂ ಒಂದು ಸ್ಟೆಬಿಲೈಸರ್ ತಂದ್ರೆ ಮತ್ತೆ ನಿಂದು ಇಳೀತದೆ. ಬೆಳಗಿನ ಜಾವ ಎದ್ದು ಮಾಡು, ಕರೆಂಟು ದಂಡಿಯಾಗಿರ್ತದೆ.

ಮಗಳು: ಕರೆಂಟು ಸರಿಯಿಲ್ಲ ಅಂತ ನಾನು ನಾಲ್ಕೂವರೆಗೆ ಏಳಬೇಕು, ಅಲ್ವಾ? ಹೊಂದ್ಕೊಂಡು ಹೋಗು ಅಂತ ಎಲ್ಲರಿಗೂ ಹೇಳಿ ಹೇಳಿಯೇ ಆ ಟಿ.ಸಿ. ಬದಲಾಗಿಲ್ಲ. ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡ್ತೀನಿ, ಅರ್ಜಿ ಬರೀತೀನಿ. ದಿನಾ ಏಳು ಗಂಟೆಯ ವೋಲ್ಟೇಜ್ ಒಂದು ವಾರ ಬರೆದಿಟ್ಟು ಜೊತೆಗೆ ಲಗತ್ತಿಸ್ತೀನಿ.

ದೊಡ್ಡಪ್ಪ: ಬರಿ. ನಿನ್ನೊಬ್ಬಳ ಸಹಿ ಬೇಡ, ಬೀದಿಯೋರೆಲ್ಲ ಹಾಕಲಿ. ಆದ್ರೆ ಟಿ.ಸಿ. ಬರೋದು ಯಾವಾಗ, ಈ ಭಾನುವಾರದ ಕೇಕು ಯಾವಾಗ? ಗೃಹಜ್ಯೋತಿಯ ಪುಕ್ಕಟೆ ಯೂನಿಟ್ಟೂ ನೋಡ್ಕೋ. ಲೋ ವೋಲ್ಟೇಜಲ್ಲಿ ಗಂಟೆಗಟ್ಟಲೆ ಓಡಿಸಿದ್ರೆ ಯೂನಿಟ್ ಉಳಿಯಲ್ಲ, ಸೋರೋ ಡಬ್ಬಿಗೆ ಕಾವು ಸುರಿದ ಹಂಗೆ.

ಮಗಳು: ಭಾನುವಾರದ್ದು ಬೆಳಗ್ಗೆ ಐದಕ್ಕೇ ಮಾಡ್ತೀನಿ, ನಾಬ್ 202ಕ್ಕೆ ಇಟ್ಟು. ಅದು ಈ ವಾರದ ಮಟ್ಟಿಗೆ. ಥರ್ಮೋಸ್ಟಾಟ್ ತರಿಸೋದನ್ನ ಬಿಡಲ್ಲ, ಅರ್ಜಿಯನ್ನೂ ಬಿಡಲ್ಲ.

ದೊಡ್ಡಪ್ಪ: ಬಿಡು ಅಂದವರ್ಯಾರು? ನಾನು ಇವತ್ತೇ 16 ಆಂಪ್ಸಿನ ಪಾಯಿಂಟಿಗೆ ತಂತಿ ಎಳೀತೀನಿ. ನೀನು ತರಿಸೋ ಥರ್ಮೋಸ್ಟಾಟಿನ ಬೆನ್ನ ಮೇಲೆ ಆಂಪ್ಸ್ ಬರೆದಿರ್ತದೆ, ಅದೂ ಹದಿನಾರೇ ಇರಬೇಕು. ನಾಬ್ ಕೂರೋ ಕಡ್ಡಿ ಉದ್ದ ಹಳೇದಕ್ಕೆ ಹಿಡಿದು ನೋಡು. ಎರಡರಲ್ಲಿ ಯಾವುದು ತಾಳೆಯಾಗದಿದ್ರೂ ಬಿಚ್ಚಬೇಡ, ಹಂಗೇ ವಾಪಸ್ ಕಳಿಸು.